ಒಂದೇ ಹೆಸರು, ಬೇರೆ ವಸ್ತು: ಸ್ವಯಂಸೇವಕರ ವಿಶ್ವಕೋಶದಲ್ಲಿ ಇತಿಹಾಸ ಮತ್ತು ಸಂಗೀತ

1

ವಿಶ್ವಕೋಶದ ಕಲ್ಪನೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಗ್ರಂಥ. ರಾಜನೀತಿಯಿಂದ ಮೊದಲುಗೊಂಡು ಪಾಕಶಾಸ್ತ್ರದವರೆಗೆ, ಗೀತ ವಾದ್ಯ ನೃತ್ಯಗಳವರೆಗೆ, ಅಂದಿನ ತಿಳಿವಳಿಕೆಯೆಲ್ಲವನ್ನೂ ಒಂದೆಡೆ ಕೂಡಿಸುವ ಯತ್ನ ಅದರಲ್ಲಿದೆ. ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ ಅದೇ ಬಗೆಯ ಕೆಲಸವನ್ನು ಕನ್ನಡ ಗದ್ಯದಲ್ಲಿ ಮಾಡಿತು. ನಮ್ಮ ಕಾಲಕ್ಕೆ ಸಮೀಪದಲ್ಲಿ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನೂ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನೂ ಏಕಾಕಿಯಾಗಿಯೇ ಸಿದ್ಧಪಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದಲ್ಲಿ ಒಬ್ಬರ ಸ್ಥಾನಕ್ಕೆ ಸಂಪಾದಕ ಮಂಡಲಿ ಬಂದಿತು. 1969ರಲ್ಲಿ ಮೊದಲ ಸಂಪುಟ ಹೊರಬಂದ ಆ ಮಹಾಕಾರ್ಯ 2004ರಲ್ಲಿ ಹದಿನಾಲ್ಕನೆಯ ಸಂಪುಟದೊಡನೆ ಪೂರ್ಣಗೊಂಡಿತು.

ಈ ಪರಂಪರೆಯ ಮೂರನೆಯ ಹಂತವೇ ಪ್ರಕೃತ ಲೇಖನದ ವಿಷಯ. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾದ ವಿಕಿಪೀಡಿಯ ಎಂಬ ಅಂತರ್ಜಾಲ ವಿಶ್ವಕೋಶದ ಕನ್ನಡ ಶಾಖೆ 2003ರ ಜೂನ್ ತಿಂಗಳಲ್ಲಿ ಹುಟ್ಟಿತು. ಇಂದು ಅದರಲ್ಲಿ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಲೇಖನಗಳಿವೆ. ಇದಕ್ಕೆ ಸಂಭಾವನೆ ಪಡೆಯುವ ಲೇಖಕರಿಲ್ಲ. ಅಚ್ಚಿಗೆ ಕಳುಹಿಸುವ ಮುನ್ನ ತಿದ್ದುವ ಪ್ರಧಾನ ಸಂಪಾದಕರೂ ಇಲ್ಲ. ಇಚ್ಛೆಯುಳ್ಳ ಯಾರಾದರೂ ಬರೆಯಬಹುದು, ಬರೆದುದನ್ನು ಯಾರಾದರೂ ತಿದ್ದಬಹುದು. ಇಂಥ ವ್ಯವಸ್ಥೆಯಲ್ಲಿ ಇತಿಹಾಸ ಮತ್ತು ಶಾಸ್ತ್ರೀಯ ಸಂಗೀತದಂತಹ ವಿಷಯಗಳು ಹೇಗೆ ರೂಪುಗೊಳ್ಳುತ್ತವೆ, ಅದರಲ್ಲಿ ನಮ್ಮ ಕಾಲೇಜುಗಳ ಪಾತ್ರವೇನು ಎಂಬುದನ್ನು ಗೋಕಾಕ, ಮೂಡಲಗಿ, ಹುಕ್ಕೇರಿ ಪ್ರದೇಶದ ಉದಾಹರಣೆಗಳಿಂದ ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

2

ಮೊದಲು ಅಲ್ಲಿನ ಕಾರ್ಯಕ್ರಮವನ್ನು ಸಂಕ್ಷೇಪವಾಗಿ ಅರಿಯಬೇಕು. ಪ್ರತಿಯೊಂದು ಲೇಖನಕ್ಕೂ ಎರಡು ಒಡನಾಡಿ ಪುಟಗಳಿರುತ್ತವೆ. ಒಂದು ಇತಿಹಾಸ ಪುಟ: ಯಾರು, ಯಾವ ದಿನ, ಯಾವ ಅಕ್ಷರವನ್ನು ಸೇರಿಸಿದರು ಅಥವಾ ತೆಗೆದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸಿ ಅಭ್ಯಾಸವಿರುವವರಿಗೆ ಇದು ಅಪರಿಚಿತವೆನಿಸದು. ಇನ್ನೊಂದು ಚರ್ಚಾಪುಟ: ಭಿನ್ನಾಭಿಪ್ರಾಯಗಳನ್ನು ಲೇಖನದೊಳಗಲ್ಲದೆ ಹೊರಗೆ ವಾದಿಸಿ ಬಗೆಹರಿಸಿಕೊಳ್ಳುವ ಸ್ಥಳ. ಇಡೀ ಸಮುದಾಯಕ್ಕೆ ಸಂಬಂಧಿಸಿದ ವಿಚಾರಗಳಿಗೆ ಸಾಮಾನ್ಯ ಚರ್ಚಾಸ್ಥಾನವೊಂದಿದ್ದು, ಕನ್ನಡದ ಸಂಪಾದಕರು ಅದಕ್ಕೆ ‘ಅರಳಿ ಕಟ್ಟೆ’ ಎಂದು ಔಚಿತ್ಯಪೂರ್ಣವಾದ ಹೆಸರನ್ನಿಟ್ಟಿದ್ದಾರೆ.

ಬರವಣಿಗೆಗೆ ಮೂರು ಮುಖ್ಯ ನಿಯಮಗಳುಂಟು. ವಿವಾದಾಸ್ಪದ ವಿಷಯದಲ್ಲಿ ಪಕ್ಷ ವಹಿಸಕೂಡದು. ಪ್ರತಿಯೊಂದು ಹೇಳಿಕೆಯನ್ನೂ ಓದುಗನು ಪರೀಕ್ಷಿಸಬಲ್ಲ ಪ್ರಕಟಿತ ಆಧಾರವಿರಬೇಕು. ಲೇಖಕನ ಸ್ವಂತ ಸಂಶೋಧನೆಗೆ ಅಲ್ಲಿ ಎಡೆಯಿಲ್ಲ. ಮೂರನೆಯ ನಿಯಮ ಸಂಶೋಧಕನಿಗೆ ವಿಚಿತ್ರವಾಗಿ ತೋರಬಹುದು. ಆದರೆ ಬರೆಯುವವನು ಯಾರೆಂಬುದೇ ತಿಳಿಯದ ಸ್ಥಳದಲ್ಲಿ ಅವನ ಪಾಂಡಿತ್ಯದ ಮೇಲೆ ಭರವಸೆಯಿಡುವುದು ಸಾಧ್ಯವಿಲ್ಲ. ಅವನು ತೋರಿಸುವ ಆಧಾರದ ಮೇಲೆ ಮಾತ್ರ ಸಾಧ್ಯ. ಪದವಿಗೆ ಅಲ್ಲಿ ಮನ್ನಣೆಯಿಲ್ಲ, ಪ್ರಮಾಣಕ್ಕೆ ಮನ್ನಣೆಯುಂಟು.

ಈ ಪದ್ಧತಿಯಿಂದ ಒಳ್ಳೆಯ ಫಲ ದೊರೆತಿರುವುದಕ್ಕೆ ನಿದರ್ಶನಗಳಿವೆ. ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಹೊಯ್ಸಳ, ವಿಜಯನಗರ ಅರಸುಮನೆತನಗಳನ್ನು ಕುರಿತ ಇಂಗ್ಲಿಷ್ ವಿಕಿಪೀಡಿಯದ ಲೇಖನಗಳು ಸಹಸಂಪಾದಕರ ಕಟುವಿಮರ್ಶೆಗೆ ಒಳಗಾಗಿ, ವಾಕ್ಯ ವಾಕ್ಯಕ್ಕೂ ಆಧಾರ ಕೊಟ್ಟು, ಅಲ್ಲಿನ ಅತ್ಯುತ್ತಮ ಲೇಖನಗಳ ಸಾಲಿಗೆ ಆಯ್ಕೆಯಾದವು. ದೊಡ್ಡ ಅರಸುಮನೆತನಗಳ ಮೇಲೆ ಪ್ರಮಾಣ ಗ್ರಂಥಗಳು ಹೇರಳವಾಗಿರುವುದರಿಂದ ಅದು ಸಾಧ್ಯವಾಯಿತು. ತೊಡಕು ಆರಂಭವಾಗುವುದು ತಾಲೂಕಿನ ಮಟ್ಟಕ್ಕೆ ಇಳಿದಾಗ.

3

ತಾಲೂಕಿನ ಮಟ್ಟದಲ್ಲಿ ಕಾಣುವ ಮೊದಲ ಅಪಾಯವೆಂದರೆ ನಾಮಸಾಮ್ಯ. ಗೋಕಾಕ ಜಲಪಾತದ ಸಮೀಪ ಕೊಣ್ಣೂರು ಎಂಬ ಊರಿದೆ. ಇಲ್ಲಿ ಬೃಹತ್ ಶಿಲಾಯುಗದ ಸಮಾಧಿಗಳಿವೆ. ಕೊಂಡನೂರು ಎಂಬ ಪ್ರಾಚೀನ ನಾಮವನ್ನು ಹೇಳುವ, ಸವದತ್ತಿ ಮತ್ತು ಬೆಳಗಾವಿಗಳಿಂದ ಆಳಿದ ರಟ್ಟರ ಕಾಲದ ಶಾಸನವೂ ಇದೆ. ಇನ್ನೊಂದು ಕೊಣ್ಣೂರು ಗದಗ ಜಿಲ್ಲೆಯ ನರಗುಂದ ತಾಲೂಕಿನಲ್ಲಿದೆ. ಹಿಂದೆ ಅದು ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿಗೆ ಸೇರಿತ್ತು. ಅದರ ಪ್ರಾಚೀನ ನಾಮ ಕೊಳನೂರು. ರಾಷ್ಟ್ರಕೂಟ ಅಮೋಘವರ್ಷನು ಬಂಕೇಶನ ಪ್ರಾರ್ಥನೆಯಂತೆ ಅಲ್ಲಿನ ಜಿನಾಲಯಕ್ಕೆ ಶಕ 782, ಅಂದರೆ ಕ್ರಿ.ಶ. 860ರಲ್ಲಿ, ಕೊಟ್ಟ ದಾನವನ್ನು ಹೇಳುವ ಪ್ರಸಿದ್ಧ ಶಾಸನ ಈ ಎರಡನೆಯ ಊರಿನದು. ‘ಕೊಣ್ಣೂರು ಶಾಸನ’ ಎಂದಷ್ಟೇ ಓದಿದವನು ಅಮೋಘವರ್ಷನನ್ನು ಘಟಪ್ರಭೆಯ ದಡಕ್ಕೆ ತಂದು ನಿಲ್ಲಿಸುವುದು ಅತಿ ಸುಲಭ. ಎರಡೂ ಊರುಗಳಲ್ಲಿ ಜೈನ ಸಂಬಂಧವಿರುವುದರಿಂದ ತಪ್ಪು ಸಹಜವೆಂಬಂತೆಯೇ ಕಾಣುತ್ತದೆ. ಇಂತಹ ಕಡೆ ವಿಶ್ವಕೋಶದಲ್ಲಿ ‘ದ್ವಂದ್ವ ನಿವಾರಣೆ’ ಎಂಬ ಪುಟವನ್ನು ರಚಿಸಿ, ಒಂದೇ ಹೆಸರಿನ ಎರಡು ವಸ್ತುಗಳನ್ನು ಬೇರ್ಪಡಿಸುತ್ತಾರೆ.

ಮನುಷ್ಯರ ಹೆಸರುಗಳಲ್ಲಿಯೂ ಇದೇ ತೊಡಕು. ‘ಗೋಕಾಕ ಚಳವಳಿ’ ಗೋಕಾಕ ಪಟ್ಟಣದಲ್ಲಿ ಹುಟ್ಟಿದ ಚಳವಳಿಯಲ್ಲ. 1981ರಲ್ಲಿ ವರದಿ ಒಪ್ಪಿಸಿದ ಸಮಿತಿಯ ಅಧ್ಯಕ್ಷ ವಿ. ಕೃ. ಗೋಕಾಕರ ಹೆಸರಿನಿಂದ ಅದಕ್ಕೆ ಆ ನಾಮ ಬಂದಿತು. ಅವರು ಜನಿಸಿದ್ದು 1909ರಲ್ಲಿ, ಸವಣೂರಿನಲ್ಲಿ. ಗಾಯಕ ಹುಕ್ಕೇರಿ ಬಾಳಪ್ಪನವರು ಮುರಗೋಡದವರು. ಗಂಗೂಬಾಯಿ ಹಾನಗಲ್ಲರು 1913ರಲ್ಲಿ ಧಾರವಾಡದಲ್ಲಿ ಜನಿಸಿದರು. ನಮ್ಮ ಭಾಗದಲ್ಲಿ ಅಡ್ಡಹೆಸರು ಮನೆತನದ ಮೂಲವನ್ನು ಸೂಚಿಸುತ್ತದೆಯೇ ಹೊರತು ವ್ಯಕ್ತಿಯ ಜನ್ಮಸ್ಥಳವನ್ನಲ್ಲ. ಇದು ಇಲ್ಲಿನ ವಿದ್ಯಾರ್ಥಿಗೆ ಹೇಳಿಕೊಡಬೇಕಾದ ಮಾತಲ್ಲ. ದೂರದಲ್ಲಿ ಕುಳಿತು ಬರೆಯುವ ಸಂಪಾದಕನಿಗೆ ತಾನಾಗಿ ಹೊಳೆಯುವ ಮಾತೂ ಅಲ್ಲ.

ಎರಡನೆಯ ಅಪಾಯ, ನಿರ್ಣಯವಾಗದ ವಿಷಯವನ್ನು ನಿರ್ಣಯವಾದಂತೆ ಬರೆಯುವುದು. ಗೋಕಾಕ ಭಾಗದಲ್ಲಿ ದೊರೆತ ದೇಜ್ಜ ಮಹಾರಾಜನ ತಾಮ್ರಪಟ ಇದಕ್ಕೆ ಒಳ್ಳೆಯ ನಿದರ್ಶನ. ರಾಷ್ಟ್ರಕೂಟನೆಂದು ಹೇಳಿಕೊಳ್ಳುವ ಈ ಅರಸನ ಕಾಲದಲ್ಲಿ ಸೇಂದ್ರಕ ಕುಲದ ಇಂದ್ರಣಂದನು ಜೈನಮುನಿಯೊಬ್ಬರಿಗೆ ಭೂಮಿಯನ್ನಿತ್ತ ಸಂಗತಿ ಅದರಲ್ಲಿದೆ. ಅದರ ಕಾಲ ‘ಆಗುಪ್ತಾಯಿಕ’ ರಾಜರ 845ನೆಯ ವರ್ಷ. ಆ ಗಣನೆ ಎಂದು ಆರಂಭವಾದುದೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಲಿಪಿಯನ್ನು ನೋಡಿ ಆರು ಅಥವಾ ಏಳನೆಯ ಶತಮಾನವೆಂದು ಹೇಳುತ್ತಾರೆ. ಒಬ್ಬನೇ ಗ್ರಂಥಕರ್ತನು ತನಗೆ ಸರಿತೋರಿದ ಇಸವಿಯನ್ನು ಬರೆದು ಮುಂದೆ ಸಾಗಬಹುದು. ಸ್ವಯಂಸೇವಕರ ವಿಶ್ವಕೋಶದಲ್ಲಿ ಅದು ನಿಲ್ಲದು. ಮತ್ತೊಬ್ಬನು ಬೇರೆ ಆಧಾರ ಹಿಡಿದು ಬರುತ್ತಾನೆ. ಕಡೆಗೆ ಉಳಿಯುವುದು, ಇಂಥವರ ಮತ ಹೀಗೆ, ಇಂಥವರ ಮತ ಹಾಗೆ ಎಂಬ ಪ್ರಾಮಾಣಿಕ ನಿರೂಪಣೆ. ಶಾಸನವನ್ನು ತಾನೇ ಕಂಡು ತಾನೇ ಓದಿದೆನೆಂಬುದು ಅಲ್ಲಿ ಆಧಾರವಾಗದು. ಪ್ರಕಟಿತ ಪಾಠವೇ ಆಧಾರ.

4

ಸಂಗೀತದ ಲೇಖನಗಳಲ್ಲಿ ಸಹಕಾರದ ಅವಶ್ಯಕತೆ ಇನ್ನೂ ಹೆಚ್ಚು. ಕರ್ನಾಟಕದ ದಕ್ಷಿಣ ಭಾಗದಲ್ಲಿ ಕರ್ನಾಟಕ ಪದ್ಧತಿಯೂ, ಧಾರವಾಡ ಬೆಳಗಾವಿಗಳ ಕಡೆ ಹಿಂದುಸ್ತಾನಿ ಪದ್ಧತಿಯೂ ಬೇರೂರಿವೆ. ಮಲ್ಲಿಕಾರ್ಜುನ ಮನಸೂರರು ಧಾರವಾಡದ ಬಳಿಯ ಮನಸೂರಿನವರು. 1924ರಲ್ಲಿ ಜನಿಸಿದ, ಶಿವಪುತ್ರ ಎಂಬ ಜನ್ಮನಾಮದ ಕುಮಾರ ಗಂಧರ್ವರು ಬೆಳಗಾವಿ ಜಿಲ್ಲೆಯ ಸುಳೇಭಾವಿಯವರು. ಹೀಗೆ ಒಂದೇ ಭಾಷೆಯ ವಿಶ್ವಕೋಶಕ್ಕೆ ಎರಡು ಸಂಗೀತ ಪದ್ಧತಿಗಳ ವಾಚಕರೂ ಲೇಖಕರೂ ಇದ್ದಾರೆ.

ಇಲ್ಲಿಯೂ ಹೆಸರೇ ತೊಡಕು. ಕರ್ನಾಟಕ ಪದ್ಧತಿಯ ಹಿಂದೋಳ, ಹಿಂದುಸ್ತಾನಿಯ ಹಿಂಡೋಲ, ಇವೆರಡರಲ್ಲಿಯೂ ರಿಷಭ ಪಂಚಮಗಳು ವರ್ಜ್ಯ. ಇಷ್ಟನ್ನೇ ನೋಡಿದವನು ಎರಡೂ ಒಂದೇ ರಾಗವೆಂದು ಬಗೆದಾನು. ವಸ್ತುತಃ ಕರ್ನಾಟಕದ ಹಿಂದೋಳದ ಗಾಂಧಾರ, ಧೈವತ, ನಿಷಾದಗಳು ಕೋಮಲ, ಮಧ್ಯಮ ಶುದ್ಧ. ಅದು ಹಿಂದುಸ್ತಾನಿಯ ಮಾಲಕಂಸಕ್ಕೆ ಸಮೀಪ. ಹಿಂದುಸ್ತಾನಿಯ ಹಿಂಡೋಲದಲ್ಲಾದರೋ ಮಧ್ಯಮ ತೀವ್ರ, ಉಳಿದವು ಶುದ್ಧ. ತೋಡಿಯದೂ ಇದೇ ಕಥೆ: ಕರ್ನಾಟಕದ ತೋಡಿಯ ಸ್ವರಗಳು ಹಿಂದುಸ್ತಾನಿಯ ಭೈರವಿಗೂ, ಹಿಂದುಸ್ತಾನಿಯ ತೋಡಿಯ ಸ್ವರಗಳು ಕರ್ನಾಟಕದ ಶುಭಪಂತುವರಾಳಿಗೂ ಹೊಂದುತ್ತವೆ. ಮೈಸೂರಿನ ವೀಣಾಭ್ಯಾಸಿಯೊಬ್ಬರು ಬರೆದುದನ್ನು ಬೆಳಗಾವಿಯ ಖಯಾಲ ಗಾಯಕರೊಬ್ಬರು ನೋಡಿದಾಗಲೇ ಇಂಥ ಲೇಖನ ನೆಟ್ಟಗಾಗುವುದು. ಒಬ್ಬರಿಗೆ ಸ್ವರಜ್ಞಾನವಿರಬಹುದು, ಇನ್ನೊಬ್ಬರಿಗೆ ಕಾಲನಿರ್ಣಯದ ಶಿಸ್ತು, ಮತ್ತೊಬ್ಬರಿಗೆ ಸ್ವಚ್ಛವಾದ ಭಾಷೆ. ಮೂವರೂ ಕೂಡಿದರೆ ಒಂದು ಪುಟ.

5

ಈವರೆಗೆ ಹೇಳಿದ ತೊಡಕುಗಳಿಗೆ ಪ್ರಕಟಿತ ಆಧಾರಗಳಿಂದ ಪರಿಹಾರ ದೊರೆಯುತ್ತದೆ. ಆಧಾರವೇ ಅಚ್ಚಾಗದಿದ್ದಾಗ ಬರುವ ತೊಡಕು ಬೇರೆ ಜಾತಿಯದು. ಈ ಪ್ರದೇಶದ ಮಟ್ಟಿಗೆ ಅದೇ ಎಲ್ಲಕ್ಕಿಂತ ಗುರುತರವಾದುದು.

ಶ್ರೀಕೃಷ್ಣ ಪಾರಿಜಾತವೆಂಬ ಸಣ್ಣಾಟ ಉತ್ತರ ಕರ್ನಾಟಕದ ಸಂಗೀತಪ್ರಧಾನ ಬಯಲಾಟಗಳಲ್ಲಿ ಅಗ್ರಗಣ್ಯ. ಹಾರ್ಮೋನಿಯಂ, ತಬಲಾ, ತಾಳಗಳೊಡನೆ ಹಾಡುವ ಅದರ ಪದಗಳಲ್ಲಿ ಹಿಂದುಸ್ತಾನಿ ರಾಗಗಳ ಛಾಯೆ ಸ್ಪಷ್ಟವಾಗಿದೆ. ಮೂಲತಃ ಅದನ್ನು ರಚಿಸಿದವನು ಅಪರಾಳ ತಮ್ಮಣ್ಣನೆಂದೂ, ಅದನ್ನು ರಂಗಕ್ಕೆ ಅಳವಡಿಸಿ ಜನಪ್ರಿಯಗೊಳಿಸಿದವನು ಕುಲಗೋಡ ತಮ್ಮಣ್ಣನೆಂದೂ ಹೇಳಲಾಗುತ್ತದೆ. ಇಬ್ಬರು ತಮ್ಮಣ್ಣರನ್ನು ಬೇರ್ಪಡಿಸುವುದೇ ಸಂಪಾದಕನ ಮೊದಲ ಕೆಲಸ. ಮುಂದೆ ಕೌಜಲಗಿಯ ನಿಂಗಮ್ಮ ಎಂಬ ಕಲಾವಿದೆ ಈ ಆಟಕ್ಕೆ ಅಪಾರ ಕೀರ್ತಿ ತಂದಳು. ಕುಲಗೋಡ, ಕೌಜಲಗಿಗಳು ಬಹುಕಾಲ ಗೋಕಾಕ ತಾಲೂಕಿನ ಊರುಗಳಾಗಿದ್ದವು. ಇತ್ತೀಚೆಗೆ ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ಹೊಸ ತಾಲೂಕಾದುದರಿಂದ, ಹಳೆಯ ಗ್ರಂಥಗಳಲ್ಲಿ ‘ಗೋಕಾಕ ತಾಲೂಕು’ ಎಂದಿರುವುದನ್ನು ಈ ಪ್ರದೇಶದ ಊರೂರಿಗೂ ಪರೀಕ್ಷಿಸಿ ತಿದ್ದಬೇಕಾಗಿದೆ.

ಈ ಪರಂಪರೆಯ ಕುರಿತು ಮುದ್ರಿತ ಸಾಹಿತ್ಯ ಇಲ್ಲವೆಂದಲ್ಲ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರ ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ಯಂತಹ ಕೃತಿಗಳು ದೃಢವಾದ ಅಡಿಗಲ್ಲನ್ನು ಹಾಕಿವೆ. ಆದರೆ ಯಾವ ಪದವನ್ನು ಯಾವ ರಾಗದಲ್ಲಿ ಹಾಡುತ್ತಿದ್ದರು, ಯಾರು ಯಾರಿಂದ ಕಲಿತರು, ಯಾವ ಊರಿನ ಜಾತ್ರೆಯಲ್ಲಿ ಯಾವ ಮೇಳ ಆಡುತ್ತಿತ್ತು ಎಂಬ ವಿವರಗಳ ಬಹುಭಾಗ ಇಂದಿಗೂ ವೃದ್ಧ ಕಲಾವಿದರ ನೆನಪಿನಲ್ಲಿದೆ. ಮೊಮ್ಮಗನು ಅಜ್ಜನ ಬಾಯಿಂದ ಕೇಳಿದುದನ್ನು ವಿಶ್ವಕೋಶದಲ್ಲಿ ಬರೆದರೆ ಆಧಾರವಿಲ್ಲವೆಂದು ಅದನ್ನು ತೆಗೆದುಹಾಕುತ್ತಾರೆ. ತೆಗೆದವನದು ತಪ್ಪಲ್ಲ, ನಿಯಮವನ್ನು ಸಡಿಲಿಸಿದರೆ ದಂತಕಥೆಗೂ ಸಂಗತಿಗೂ ಭೇದ ಉಳಿಯದು. ಬರೆದವನದೂ ತಪ್ಪಲ್ಲ, ಅವನಿಗೆ ಗೊತ್ತಿದ್ದುದು ನಿಜವೇ ಇರಬಹುದು. ತಪ್ಪು ಯಾರದೆಂದರೆ, ಆ ನೆನಪಿಗೂ ಈ ನಿಯಮಕ್ಕೂ ನಡುವೆ ನಿಂತು ಸೇತುವೆಯಾಗಬೇಕಾಗಿದ್ದ ನಮ್ಮಂಥವರದು.

6

ಕಾಲೇಜಿನ ಇತಿಹಾಸ ವಿಭಾಗಗಳು ಮಾಡಬಹುದಾದ ಕೆಲಸ ಇಲ್ಲಿಯೇ ಇದೆ. ಮೊದಲನೆಯದಾಗಿ, ಕಲಾವಿದರ ಸಂದರ್ಶನವನ್ನು ದಿನಾಂಕ, ಸ್ಥಳ, ಕೇಳಿದವರ ಹೆಸರುಗಳೊಡನೆ ಅವರ ಒಪ್ಪಿಗೆ ಪಡೆದು ದಾಖಲಿಸಬೇಕು. ಎರಡನೆಯದಾಗಿ, ಅದನ್ನು ಇತರ ಸಾಕ್ಷ್ಯಗಳೊಡನೆ, ಎಂದರೆ ಕರಪತ್ರ, ಹಳೆಯ ಹಾಡಿನ ವಹಿ, ಪತ್ರಿಕಾ ವರದಿಗಳೊಡನೆ, ತಾಳೆ ನೋಡಿ, ಬಲ್ಲವರ ಪರಿಶೀಲನೆಗೆ ಒಪ್ಪಿಸಿ, ಇಂಥ ಸಂಚಿಕೆಗಳಲ್ಲಿ ಪ್ರಕಟಿಸಬೇಕು. ಮೂರನೆಯದಾಗಿ ಮಾತ್ರ, ಆ ಪ್ರಕಟಿತ ಲೇಖನವನ್ನು ಆಧಾರವಾಗಿಟ್ಟುಕೊಂಡು ವಿಶ್ವಕೋಶದಲ್ಲಿ ಬರೆಯಬೇಕು. ಸಾಧ್ಯವಿದ್ದಲ್ಲಿ ಬರೆಯುವವರು ಬೇರೆಯವರಿರುವುದು ಲೇಸು. ತನ್ನ ಕೃತಿಯನ್ನು ತಾನೇ ಉಲ್ಲೇಖಿಸುವವನಿಗೆ ಮಿತಿ ಮರೆಯುವುದು ಸುಲಭ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ವಿಶ್ವಕೋಶದಲ್ಲಿ ಆಧಾರವಿಲ್ಲದೆ ಸೇರಿದ ಮಾತನ್ನು ಒಬ್ಬನು ತನ್ನ ಪ್ರಬಂಧದಲ್ಲಿ ಎತ್ತಿ ಬರೆಯುತ್ತಾನೆ, ಪ್ರಬಂಧ ಅಚ್ಚಾಗುತ್ತದೆ, ಬಳಿಕ ಆ ಪ್ರಬಂಧವನ್ನೇ ವಿಶ್ವಕೋಶದ ಮಾತಿಗೆ ಆಧಾರವಾಗಿ ಇನ್ನೊಬ್ಬನು ತೋರಿಸುತ್ತಾನೆ. ಹೀಗೆ ನೆರಳು ತನಗೆ ತಾನೇ ಸಾಕ್ಷಿಯಾಗುತ್ತದೆ. ಇದನ್ನು ತಪ್ಪಿಸುವ ಉಪಾಯ ಒಂದೇ: ವಿಶ್ವಕೋಶವನ್ನು ದಾರಿತೋರುವ ಕೈಮರದಂತೆ ಬಳಸಿ, ಅದು ಸೂಚಿಸಿದ ಗ್ರಂಥವನ್ನು ಕಪಾಟಿನಿಂದ ತೆಗೆದು ಓದುವುದು. ಈ ದಾರಿ ಇಂದು ಸ್ವಲ್ಪ ಸುಗಮವಾಗಿದೆ. ಮೈಸೂರು ವಿಶ್ವವಿದ್ಯಾನಿಲಯವು ತನ್ನ ‘ಕನ್ನಡ ವಿಶ್ವಕೋಶ’ದ ಕೆಲವು ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಯಡಿ ಒದಗಿಸಿತು, ಸ್ವಯಂಸೇವಕರು ಅವನ್ನು ಬಳಸಿಕೊಳ್ಳಲು ಅಡ್ಡಿಯಿಲ್ಲ. ವಿದ್ವತ್ ಮಂಡಲಿಯ ಶ್ರಮವೂ ಸಾಮಾನ್ಯರ ಶ್ರಮವೂ ಪರಸ್ಪರ ವಿರೋಧಿಗಳಲ್ಲ, ಒಂದರ ಮೇಲೊಂದು ನಿಲ್ಲಬಲ್ಲವು ಎಂಬುದು ಇದರಿಂದ ವಿದಿತವಾಗುತ್ತದೆ.

ಸೋಮೇಶ್ವರನಿಗೆ ಒಂದು ಸಾಮ್ರಾಜ್ಯದ ಆಶ್ರಯವಿತ್ತು. ಮೈಸೂರಿನ ಸಂಪಾದಕರಿಗೆ ಒಂದು ವಿಶ್ವವಿದ್ಯಾನಿಲಯದ ಬೆಂಬಲವಿತ್ತು. ಇಂದಿನ ಸ್ವಯಂಸೇವಕನಿಗೆ ಇರುವುದು ಬಿಡುವಿನ ಕೆಲವು ಗಂಟೆಗಳು ಮತ್ತು ಕೈಗೆಟುಕುವ ಪ್ರಕಟಿತ ಆಧಾರಗಳು ಮಾತ್ರ. ಆ ಆಧಾರಗಳನ್ನು ಒದಗಿಸುವ ಹೊಣೆ ಊರಿನ ಸಮೀಪದಲ್ಲಿರುವ ಅಧ್ಯಾಪಕನದು. ಎರಡು ಕೊಣ್ಣೂರುಗಳನ್ನು ಬೇರ್ಪಡಿಸಲು ಗ್ರಂಥಾಲಯ ಸಾಕು. ಅದಕ್ಕೆ ಅವಸರವೂ ಇಲ್ಲ, ಕಲ್ಲಿನ ಮೇಲಿನ ಅಕ್ಷರ ಇನ್ನೂ ಕಾಯುತ್ತದೆ. ಪಾರಿಜಾತದ ಹಿರಿಯ ಹಾಡುಗಾರರ ಕಂಠ ಹಾಗೆ ಕಾಯಲಾರದು. ಆದುದರಿಂದ ಈ ಕಾರ್ಯದಲ್ಲಿ ಮೊದಲ ಸರದಿ ಅವರದಾಗಬೇಕು.