ಹಿತ್ತಲಿನ ಬಿಳಿ ಹೂವು, ಬಿಡದ ತುರಿಕೆ

ಏಪ್ರಿಲ್ ಬಿಸಿಲಿನ ನಡುವೆ ಒಂದೆರಡು ಅಡ್ಡಮಳೆ ಬಿದ್ದರೆ ಸಾಕು, ನಮ್ಮ ಕಡೆಯ ಹಿತ್ತಲುಗಳೆಲ್ಲ ಹಸಿರಾಗಿಬಿಡುತ್ತವೆ. ಕಾದ ನೆಲದ ಮೇಲೆ ಆ ಹಸಿರು ನೋಡಿದರೆ ಕಣ್ಣಿಗೆ ತಂಪು, ನಿಜ. ಆದರೆ ಅದಾದ ಕೆಲವು ವಾರಗಳಲ್ಲಿ ನನ್ನ ದವಾಖಾನೆಗೆ ಒಂದೇ ಬಗೆಯ ರೋಗಿಗಳು ಬರತೊಡಗುತ್ತಾರೆ. ಕಣ್ಣಿನ ರೆಪ್ಪೆ ಊದಿರುತ್ತದೆ, ಕುತ್ತಿಗೆಯ ಸುತ್ತ ಕೆಂಪು, ಮೊಣಕೈ ಮಡಿಕೆಯಲ್ಲಿ ಕೆರೆದು ಕೆರೆದು ಗಾಯ. ಕೆಲವರಿಗೆ ಇದರ ಜೊತೆಗೆ ಸೀನು, ಉಬ್ಬಸ. "ಬದನೆಕಾಯಿ ತಿಂದೆ, ಅದಕ್ಕೇ ಇರಬೇಕು" ಎನ್ನುತ್ತಾರೆ ಒಬ್ಬರು. ಸೋಪು ಬದಲಾಯಿಸಿದ್ದಕ್ಕೆ ಎನ್ನುತ್ತಾರೆ ಇನ್ನೊಬ್ಬರು. ಹಿತ್ತಲಿನ ಮಾತನ್ನು ಯಾರೂ ಎತ್ತುವುದಿಲ್ಲ.

ಅವರನ್ನು ದೂರುವ ಹಕ್ಕು ನನಗಿಲ್ಲ. ನಾನೇ ಎರಡು ವರ್ಷ ಆ ಮಾತನ್ನು ಎತ್ತಿರಲಿಲ್ಲ.

ನಿವೃತ್ತ ಟೈಲರ್ ಒಬ್ಬರು, ವಯಸ್ಸು ಅರವತ್ತರ ಮೇಲೆ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ, ನಾನೂ ಅಷ್ಟೇ. ಮುಖ, ಕುತ್ತಿಗೆಯ ಚರ್ಮ ಕಪ್ಪಾಗಿ, ದಪ್ಪಗಾಗಿ, ರಾತ್ರಿ ನಿದ್ದೆಯಿಲ್ಲದ ತುರಿಕೆ. ರಕ್ತ ಕೆಟ್ಟಿದೆ ಎಂದು ತೀರ್ಮಾನಿಸಿ ಶಾಹತರಾ, ಚಿರಾಯತಾ, ಉನ್ನಾಬ್ ಸೇರಿಸಿದ ಕಷಾಯ ಕೊಟ್ಟೆ. ಪಥ್ಯ ಹೇಳಿದೆ. ಚಳಿಗಾಲಕ್ಕೆ ಸ್ವಲ್ಪ ಕಡಿಮೆಯಾಯಿತು, ನನ್ನ ಔಷಧಿ ಫಲಿಸಿತು ಎಂದುಕೊಂಡೆ. ಮುಂದಿನ ಬೇಸಿಗೆಗೆ ಅದೇ ಕಥೆ. ಮೂರನೆಯ ವರ್ಷ ಚಾಚಿಗೆ ಜ್ವರವೆಂದು ಮನೆಗೆ ಕರೆದರು. ನೋಡಿ ಮುಗಿಸಿ ಕೈತೊಳೆಯಲು ಹಿತ್ತಲಿಗೆ ಹೋದರೆ ಸೊಂಟದೆತ್ತರ ಬಿಳಿ ಹೂವಿನ ಗಿಡ, ಗೋಡೆಯಿಂದ ಗೋಡೆಗೆ.

"ಚಾಚಾ, ಇದನ್ನು ಯಾರು ಕೀಳುತ್ತಾರೆ?"

"ನಾನೇ ಡಾಕ್ಟರ್ ಸಾಹೇಬ್ರೇ. ದಿನಾ ಫಜರ್ ಮುಗಿಸಿ ಬಂದು ಒಂದಷ್ಟು ಕೀಳ್ತೀನಿ. ವ್ಯಾಯಾಮವೂ ಆಗುತ್ತಲ್ಲ."

ಬನಿಯನ್ನು, ಲುಂಗಿ, ಬರಿಗೈ. ಕಿತ್ತ ಗಿಡವನ್ನು ಅಲ್ಲೇ ಮೂಲೆಯಲ್ಲಿ ಒಣಗಲು ಬಿಡುತ್ತಿದ್ದರು. ನಮ್ಮ ಪದ್ಧತಿಯಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಹೇಳುತ್ತಾರೆ, ಅಸ್ಬಾಬ್-ಎ-ಸಿತ್ತಾ ಜರೂರಿಯಾ ಎಂದು. ಆ ಪಟ್ಟಿಯಲ್ಲಿ ಮೊದಲನೆಯದೇ ಹವಾ, ಅಂದರೆ ಗಾಳಿ. ಕಾಲೇಜಿನಲ್ಲಿ ಅದನ್ನು ಬಾಯಿಪಾಠ ಮಾಡಿದ್ದೆ. ರೋಗಿ ಉಸಿರಾಡುವ ಗಾಳಿಯಲ್ಲಿ ಏನಿದೆ ಎಂದು ಮಾತ್ರ ಕೇಳಿರಲಿಲ್ಲ.

ಆ ಗಿಡ ಪಾರ್ಥೇನಿಯಂ. ನಮ್ಮ ಜನ ಕಾಂಗ್ರೆಸ್ ಗಿಡ ಎನ್ನುತ್ತಾರೆ. ಮೂಲ ಅಮೆರಿಕ ಖಂಡದ ಉಷ್ಣ ಪ್ರದೇಶ. ನಮ್ಮ ದೇಶದಲ್ಲಿ ಇದು ಸಸ್ಯತಜ್ಞರ ಕಣ್ಣಿಗೆ ಬಿದ್ದದ್ದು 1950ರ ದಶಕದ ನಡುವೆ, ಪುಣೆಯಲ್ಲಿ. ಆಮದು ಗೋಧಿಯ ಜೊತೆ ಬೀಜ ಬಂತು ಎಂಬ ಮಾತು ಪ್ರಚಲಿತ. ಹೇಗೇ ಬಂದಿರಲಿ, ರೈಲು ಹಳಿ, ರಸ್ತೆ ಬದಿ, ಖಾಲಿ ನಿವೇಶನ, ಖಬರಸ್ತಾನ, ಈದ್ಗಾ ಮೈದಾನ, ಎಲ್ಲೂ ಬಿಡದೆ ಹರಡಿದೆ. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಆ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯಬಲ್ಲದು.

ಗಿಡದ ಮೇಲಿನ ಸಣ್ಣ ಸಣ್ಣ ರೋಮಗಳಲ್ಲಿ ಪಾರ್ಥೇನಿನ್ ಎಂಬ ವಸ್ತುವಿದೆ. ಅದು ಮೊದಲ ದಿನವೇ ಎಲ್ಲರಿಗೂ ತುರಿಸುವುದಿಲ್ಲ. ತಿಂಗಳುಗಳು, ವರ್ಷಗಳು ಸೋಕಿ ಸೋಕಿ ಕೆಲವರ ದೇಹ ಅದಕ್ಕೆ ತಿರುಗಿಬೀಳುತ್ತದೆ. ಒಮ್ಮೆ ತಿರುಗಿಬಿದ್ದರೆ ಗಿಡ ಮುಟ್ಟಬೇಕೆಂದೇನೂ ಇಲ್ಲ, ಗಾಳಿಯಲ್ಲಿ ತೇಲಿ ಬರುವ ಪುಡಿ ಸಾಕು. ಗಿಡ ಒಣಗಿತಲ್ಲ, ಇನ್ನೇನು ಎನ್ನುವಂತಿಲ್ಲ. ಒಣಗಿ ಪುಡಿಯಾದದ್ದು ಇನ್ನೂ ಸುಲಭವಾಗಿ ಹಾರುತ್ತದೆ. ಹೂವಿನ ಪರಾಗ ಮೂಗಿಗೆ ಹೋದರೆ ಸೀನು, ದಮ್ಮು ಬೇರೆ.

ಬಿಸಿಲಿನ ಅಲರ್ಜಿಗೂ ಇದಕ್ಕೂ ಒಂದು ವ್ಯತ್ಯಾಸ ನೋಡಿಕೊಳ್ಳಿ. ಬಿಸಿಲಿನಿಂದ ಬರುವ ತೊಂದರೆ ಬಿಸಿಲು ಬೀಳುವ ಜಾಗದಲ್ಲಿ ಹೆಚ್ಚು. ಗಾಳಿಯ ಪುಡಿಯಾದರೆ ಕಣ್ಣಿನ ರೆಪ್ಪೆ, ಗಲ್ಲದ ಕೆಳಗೆ, ಕಿವಿಯ ಹಿಂದೆ ಹೀಗೆ ಬಿಸಿಲು ತಾಗದ ಮಡಿಕೆಗಳಲ್ಲೂ ಹೋಗಿ ಕೂರುತ್ತದೆ. ಅಂಥ ತುರಿಕೆ ವರ್ಷವರ್ಷ ಮರಳಿ ಬರುತ್ತಿದ್ದರೆ ಚರ್ಮರೋಗ ತಜ್ಞರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಚಾಚಾರನ್ನು ನಾನು ಕೊನೆಗೆ ಕಳಿಸಿದ್ದು ಅಲ್ಲಿಗೇ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚುವುದು, ನೀರು ಸೋರುವ ಗಾಯಕ್ಕೆ ಬೇವಿನ ಎಲೆ, ಅರಿಶಿನ ಅರೆದು ಬಳಿಯುವುದು ಎರಡೂ ಬೇಡ. ನಮ್ಮ ಬಾಬೂನಾ ಹೂವು ಕೂಡ ಪಾರ್ಥೇನಿಯಂನ ಕುಟುಂಬಕ್ಕೇ ಸೇರಿದ್ದು. ಈ ಅಲರ್ಜಿ ಇರುವವರಿಗೆ ಅದರ ಎಣ್ಣೆಯನ್ನು ನಾನು ಬರೆಯುವುದಿಲ್ಲ. ಸೇವಂತಿಗೆ, ಸೂರ್ಯಕಾಂತಿಗಳೂ ಅದೇ ಕುಟುಂಬ.

ಇನ್ನು ಕೀಳುವ ವಿಷಯ. ಇದಕ್ಕೆ ಸರಿಯಾದ ಹೊತ್ತು ಈಗಲೇ, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ. ಮೊಳೆತ ಗಿಡ ಮೊದಲು ನೆಲಕ್ಕೆ ಅಂಟಿದಂತೆ ಹರಡಿ ಕೂರುತ್ತದೆ, ಎಲೆ ಕ್ಯಾರೆಟ್ ಎಲೆಯಂತೆ ಸೀಳುಸೀಳು. ಆಗ ಹೂವಿಲ್ಲ, ಪರಾಗವಿಲ್ಲ, ಬೀಜವಿಲ್ಲ. ತಿಂಗಳು, ಒಂದೂವರೆ ತಿಂಗಳು ಬಿಟ್ಟರೆ ಎದ್ದು ಹೂ ಬಿಡುತ್ತದೆ. ನಮ್ಮಲ್ಲಿ ಆಗುವುದೇ ಹೀಗೆ. ಹೂ ಬಿಟ್ಟು ಎದ್ದು ಕಂಡ ಮೇಲೆಯೇ ಕೀಳಲು ಹೊರಡುತ್ತೇವೆ, ಕಿತ್ತು ಅಲುಗಾಡಿಸಿ ಬೀಜವನ್ನೆಲ್ಲ ಅಲ್ಲೇ ಬಿತ್ತಿ ಬರುತ್ತೇವೆ.

ಕೈಗವಸು ಇಲ್ಲದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನು ಕೈಗೆ ಕಟ್ಟಿಕೊಳ್ಳಿ. ತುಂಬುತೋಳಿನ ಅಂಗಿ, ಮೂಗು ಬಾಯಿಗೆ ಬಟ್ಟೆ. ಬೇರು ಸಮೇತ ಬರಬೇಕು. ಕುಡುಗೋಲಿನಿಂದ ಮೇಲೆ ಮೇಲೆ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಕೆಲಸ ಮುಗಿದ ಮೇಲೆ ಸೋಪು ಹಚ್ಚಿ ಸ್ನಾನ ಮಾಡಿ, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಹೂವಾಗದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂವಾದದ್ದನ್ನು ಗುಂಡಿಗೆ ಹಾಕಿದರೆ ಬೀಜ ಗೊಬ್ಬರದೊಡನೆ ಮರಳಿ ಬಂದೀತು, ಅದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿಬಿಡಿ. ಸುಡಬೇಡಿ, ಅಕ್ಕಪಕ್ಕದ ದಮ್ಮಿನ ರೋಗಿಗಳು ಆ ಹೊಗೆ ತಾಳಲಾರರು. ಹಿತ್ತಲಿನಲ್ಲಿ ಕಟ್ಟಿದ ಮೇಕೆಗೂ ಹಾಕಬೇಡಿ. ಅದು ತಿಂದರೆ ಹಾಲು ಕಹಿಯಾಗುತ್ತದೆ, ಹೆಚ್ಚು ತಿಂದರೆ ಮೇಕೆಗೇ ಕಾಯಿಲೆ. ಆಗಲೇ ಅಲರ್ಜಿ ಅಂಟಿದವರು ಈ ಕೆಲಸದ ಹತ್ತಿರವೂ ನಿಲ್ಲಬಾರದು. ಚಾಚಾರ ಹಿತ್ತಲನ್ನು ಮೊಮ್ಮಕ್ಕಳು ಕಿತ್ತರು, ಆ ಎರಡು ದಿನ ಚಾಚಾರನ್ನು ಮಗಳ ಮನೆಗೆ ಕಳಿಸಿದ್ದೆವು. ಈಗ ಅವರ ತುರಿಕೆ ಬಹಳ ಕಡಿಮೆ. ಪೂರ್ತಿ ಹೋಗಿಲ್ಲ. ಪಕ್ಕದ ಖಾಲಿ ನಿವೇಶನದ ಮಾಲೀಕರು ಬೇರೆ ಊರಿನಲ್ಲಿದ್ದಾರೆ, ಗಾಳಿಗೆ ಕಾಂಪೌಂಡ್ ಲೆಕ್ಕಕ್ಕಿಲ್ಲ. ಬೀದಿಯ ನಾಲ್ಕು ಮನೆಯವರು ಒಂದು ಭಾನುವಾರ ಸೇರಿ ಆ ನಿವೇಶನವನ್ನೂ ಕಿತ್ತರೆ ಮಾತ್ರ ಕೆಲಸ ಪೂರ್ತಿಯಾದಂತೆ.

"ಅಷ್ಟೆಲ್ಲ ಯಾಕೆ ಸಾಹೇಬ್ರೇ, ಔಷಧಿ ಹೊಡೆದರಾಯ್ತಲ್ಲ" ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಖಾರವಾಗಿಯೇ ಇರುತ್ತದೆ. ಮಕ್ಕಳು ಆಡುವ, ಬಟ್ಟೆ ಒಣಹಾಕುವ, ಪಕ್ಕದಲ್ಲೇ ಬೋರ್‌ವೆಲ್ ಇರುವ ಮೂವತ್ತು ಅಡಿ ಜಾಗಕ್ಕೆ ಕಳೆನಾಶಕ ಬೇಕೇ? ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಹೆಸರು ನೆನಪಿಡಿ. ಅದರ ಒಂದು ಗುಟುಕು ಹೊಟ್ಟೆಗೆ ಹೋದರೆ ಪ್ರಾಣಕ್ಕೆ ಅಪಾಯ. ಅದಕ್ಕೆ ಪ್ರತಿವಿಷ ಇಲ್ಲ, ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗಿ ಮನುಷ್ಯ ದಿನಗಳ ಲೆಕ್ಕದಲ್ಲಿ ಸಾಯುತ್ತಾನೆ. ಉಳಿದ ಅರ್ಧ ಲೀಟರನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಬಚ್ಚಲಿನ ಮಾಡದಲ್ಲಿ ಇಡುವ ಮನೆಗಳನ್ನು ನಾನು ಕಂಡಿದ್ದೇನೆ. ಯಾವುದೇ ಕಳೆನಾಶಕ ಮೈಮೇಲೆ ಬಿದ್ದರೆ ಬಟ್ಟೆ ಬಿಚ್ಚಿ ಧಾರಾಳ ನೀರಿನಲ್ಲಿ ತೊಳೆಯಿರಿ. ನುಂಗಿದ್ದರೆ ಒಂದು ಕ್ಷಣವೂ ಕಾಯದೆ ಡಬ್ಬಿಯ ಸಮೇತ ದೊಡ್ಡ ಆಸ್ಪತ್ರೆಗೆ ಹೋಗಿ. ನನ್ನ ಹತ್ತಿರ ಬರಬೇಡಿ, ಯಾವ ಹಕೀಮರ ಹತ್ತಿರವೂ ಬೇಡ.

ಕಲ್ಲು ಹಾಸಿನ ಸಂದಿಯಲ್ಲಿ ಮೊಳೆತದ್ದಕ್ಕೆ ಕುದಿಯುವ ನೀರು ಸಾಕು. ಲೀಟರ್ ನೀರಿಗೆ 150ರಿಂದ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಎಲೆಗೆ ಸಿಂಪಡಿಸಿದರೂ ಪಾರ್ಥೇನಿಯಂ ಒಣಗುತ್ತದೆ. ಆದರೆ ಉಪ್ಪು ಬಿದ್ದ ಮಣ್ಣಿನಲ್ಲಿ ಬೇರೆ ಗಿಡವೂ ಏಳದು, ಆದ್ದರಿಂದ ಕೈತೋಟಕ್ಕೆ ಅದು ಸಲ್ಲ.

ಕಿತ್ತ ಜಾಗವನ್ನು ಬೋಳಾಗಿ ಬಿಡಬೇಡಿ. ಬೋಳು ನೆಲವೇ ಪಾರ್ಥೇನಿಯಂಗೆ ಹಾಸಿಗೆ. ಚಗಟೆ ಬೀಜ ಎರಚಿದರೆ ಅದು ದಟ್ಟವಾಗಿ ಎದ್ದು ಇದನ್ನು ಹಿಂದಿಕ್ಕುತ್ತದೆ. ಚೆಂಡುಹೂವನ್ನೂ ಹೇಳುತ್ತಾರೆ, ಅಲರ್ಜಿಯವರು ಇರುವ ಮನೆಯಲ್ಲಿ ಮಾತ್ರ ಅದು ಬೇಡ, ಅದೂ ಅದೇ ಕುಟುಂಬ. ಹುಲ್ಲುಹಾಸು ಬೆಳೆಸುವವರು ಗರಿಕೆಯನ್ನು ನೆಲಕ್ಕೆ ಸಮವಾಗಿ ಬೋಳಿಸದೆ ಎರಡು ಇಂಚಿನಷ್ಟಾದರೂ ಬಿಡಿ. ಹುಲ್ಲು ದಟ್ಟವಾಗಿದ್ದಷ್ಟೂ ಕಳೆಯ ಬೀಜಕ್ಕೆ ಬಿಸಿಲು ಸಿಗದು. ಹಿತ್ತಲಿಗೆಲ್ಲ ಸಿಮೆಂಟ್ ಹಾಕಿಸಿಬಿಡುವ ಉಪಾಯವೂ ಇದೆಯೆನ್ನಿ. ಮಳೆನೀರು ಇಂಗದೆ, ರಾತ್ರಿಯಿಡೀ ಬಿಸಿ ಉಗುಳುವ ಮನೆಯಲ್ಲಿ ಮಲಗಲು ನೀವು ಸಿದ್ಧರಿದ್ದರೆ ಅದು ನಿಮ್ಮ ಇಷ್ಟ.

ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಯ ಮೇಲೆ ಬಿಳಿಚು ಬೆನ್ನಿಗೆ ಕಂದು ಗೆರೆಯಿರುವ ಪುಟ್ಟ ದುಂಬಿ ಕಂಡರೆ ಕೊಲ್ಲಬೇಡಿ. ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಆ ದುಂಬಿ ಈ ಗಿಡದ ಎಲೆಯನ್ನು ತಿಂದು ಬದುಕುತ್ತದೆ.

ಹಾಗೆಂದು ಎದ್ದ ಹಸಿರನ್ನೆಲ್ಲ ಒಂದೇ ಸಮ ಕೀಳಬೇಕಿಲ್ಲ. ದತ್ತೂರಿ ಇದ್ದರೆ ತೆಗೆಯಿರಿ, ಮುಳ್ಳುಕಾಯಿಯ ಬೀಜ ಮಕ್ಕಳ ಬಾಯಿಗೆ ಹೋದರೆ ಹುಚ್ಚು ಹಿಡಿದಂತಾಗಿ ಪ್ರಾಣಕ್ಕೇ ಬರುತ್ತದೆ. ನೆಗ್ಗಿಲು ನಮಗೆ ಖಾರೆಖಸಕ್ ಎಂಬ ಔಷಧಿ, ಆದರೆ ಅದರ ಮುಳ್ಳು ಬರಿಗಾಲಿನ ಮಕ್ಕಳಿಗಲ್ಲ. ಹುಲ್ಲುಹಾಸಿನ ನಡುವೆ ಏಳುವ ತುಂಗೆಯನ್ನು ಎಳೆದರೆ ಮೇಲಿನ ಎಲೆ ಮಾತ್ರ ಕೈಗೆ ಬರುತ್ತದೆ, ಒಳಗೆ ಸರಪಳಿಯಂತೆ ಇರುವ ಗೆಡ್ಡೆಯನ್ನು ಅಗೆದೇ ತೆಗೆಯಬೇಕು. ಆ ಗೆಡ್ಡೆಯೇ ನಮ್ಮ ಸಾದ್ ಕೂಫಿ. ಗೋಣಿ ಸೊಪ್ಪನ್ನು ಮಾತ್ರ ಬಿಡಿ. ಯುನಾನಿಯಲ್ಲಿ ಇದು ಖುರ್ಫಾ, ತಂಪು ಗುಣದ್ದು, ಬೇಳೆಯೊಡನೆ ಬೇಯಿಸಿದರೆ ಬೇಸಿಗೆಗೆ ಒಳ್ಳೆಯ ಸಾರು. ಮೂತ್ರಪಿಂಡದಲ್ಲಿ ಕಲ್ಲು ಇದ್ದವರು ತಿನ್ನಬಾರದು. ಇದನ್ನೇ ಹೋಲುವ ಇನ್ನೊಂದು ಗಿಡ ನೆಲದಲ್ಲಿ ಹಬ್ಬಿರುತ್ತದೆ, ಕೊಯ್ಯುವ ಮುನ್ನ ಕಾಂಡ ಮುರಿದು ನೋಡಿ. ಬಿಳಿ ಹಾಲು ಒಸರಿದರೆ ಅದು ಗೋಣಿ ಸೊಪ್ಪಲ್ಲ, ಅಡುಗೆಮನೆಗೆ ತರಬೇಡಿ.