ವಿಕಿ ಬರವಣಿಗೆ: ಹೊಸಬರು ಎಲ್ಲಿಂದ ಆರಂಭಿಸಬೇಕು?

'ಜ್ಞಾನಗಂಗೋತ್ರಿ' ವಿಶ್ವಕೋಶವನ್ನು ಸಂಪಾದಿಸಿದ ನಿರಂಜನರು ಹುಟ್ಟಿದ್ದು ಈಗ ಕಡಬ ತಾಲೂಕಿನಲ್ಲಿರುವ ಕುಳ್ಕುಂದದಲ್ಲಿ. 'ವಿಜ್ಞಾನ ಪ್ರಪಂಚ' ಬರೆದ ಶಿವರಾಮ ಕಾರಂತರು ದಶಕಗಳ ಕಾಲ ನೆಲೆಸಿದ್ದು ಪುತ್ತೂರಿನಲ್ಲಿ. 2014ರಲ್ಲಿ ನಿರಂಜನರ ಪುಸ್ತಕಗಳು ಮುಕ್ತ ಪರವಾನಗಿಯಡಿ ಬಿಡುಗಡೆಯಾದವು. ಅಂದರೆ, ಲೇಖಕರ ಹೆಸರು ಹೇಳಿ ಯಾರು ಬೇಕಾದರೂ ಅವನ್ನು ಹಂಚಬಹುದು. ಆದರೆ ಪುಸ್ತಕ ಕೇವಲ ಚಿತ್ರರೂಪದಲ್ಲಿದ್ದರೆ ಅದರೊಳಗೆ ಪದ ಹುಡುಕಲಾಗದು. ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರ ಒಂದೆಡೆ, ಪಠ್ಯ ಇನ್ನೊಂದೆಡೆ ತೆರೆದುಕೊಳ್ಳುತ್ತದೆ. ಯಂತ್ರ ತಪ್ಪಾಗಿ ಓದಿದ್ದನ್ನು ಒಬ್ಬರು ತಿದ್ದಿದರೆ ಇನ್ನೊಬ್ಬರು ತಾಳೆ ನೋಡಿ ಅಂಗೀಕರಿಸುತ್ತಾರೆ. ಕನ್ನಡ ಟೈಪಿಂಗ್ ಕಲಿಯುತ್ತಿರುವ ವಿದ್ಯಾರ್ಥಿಗೆ ಇದಕ್ಕಿಂತ ಸುಲಭ ಆರಂಭವಿಲ್ಲ.

ವಿಕಿಪೀಡಿಯ ಕಠಿಣ. ಊರಿನ ದೈವಸ್ಥಾನದ ಬಗ್ಗೆ ಅಜ್ಜಿ ಹೇಳಿದ್ದು ಸತ್ಯವೇ ಇರಬಹುದು. ಪ್ರಕಟಿತ ಆಧಾರವಿಲ್ಲದಿದ್ದರೆ ಅಲ್ಲಿ ಅದು ನಿಲ್ಲದು. ಪತ್ರಿಕೆಯಿಂದ ನಕಲಿಳಿಸಿದ್ದನ್ನು ಅಳಿಸಿಹಾಕುತ್ತಾರೆ. ಮೊದಲ ಲೇಖನವೇ ಅಳಿದುಹೋದರೆ ಹೊಸಬರು ಮರಳಿ ಬರುವುದು ಅಪರೂಪ. ಆದುದರಿಂದ ತರಬೇತಿಯಲ್ಲಿ ಟೈಪಿಂಗ್‌ಗಿಂತ ಉಲ್ಲೇಖ ನೀಡುವುದಕ್ಕೇ ಹೆಚ್ಚು ಹೊತ್ತು ಮೀಸಲಿಡುವುದು ಲೇಸು. 2016ರಲ್ಲಿ ಸ್ವತಂತ್ರವಾದ ತುಳು ವಿಕಿಪೀಡಿಯಕ್ಕಂತೂ ಈ ತೊಡಕು ಇನ್ನೂ ದೊಡ್ಡದು. ತುಳುವರ ತಿಳಿವಳಿಕೆಯ ಬಹುಪಾಲು ಬಾಯಿಮಾತಿನಲ್ಲೇ ಉಳಿದಿದೆ. ಸುಳ್ಯದ ಅರೆಭಾಷೆಯ ಬಗ್ಗೆ ಬರೆಯುವವರು ಅರೆಭಾಷೆ ಅಕಾಡೆಮಿಯ ಪ್ರಕಟಣೆಗಳಿಂದ ಆರಂಭಿಸಬಹುದು.