ಕ್ಯಾಂಡಿ ಪ್ರಾಂತದ ವಿವಾಹವಿಧಿ: ದೀಗ ಮತ್ತು ಬಿನ್ನ

ಶ್ರೀಲಂಕಾ ದ್ವೀಪದಲ್ಲಿ ವಿವಾಹಕ್ಕೆ ಸಂಬಂಧಿಸಿದ ಶಾಸನ ಒಂದೇ ಅಲ್ಲ. ಸಾಮಾನ್ಯ ವಿವಾಹಗಳಿಗೆ 1907ರ ಶಾಸನವೂ, ಕ್ಯಾಂಡಿಯ ಮಲೆನಾಡಿನ ಸಿಂಹಳೀಯರಿಗೆ 1952ರ ಪ್ರತ್ಯೇಕ ಶಾಸನವೂ ರಚಿತವಾದವು. ಈ ಸಿಂಹಳೀಯರ ವಿವಾಹವು ಇವೆರಡರಲ್ಲೊಂದರಂತೆ ನೋಂದಣಿಯಾಗದಿದ್ದರೆ ಸಿಂಧುವಲ್ಲವೆಂದು 1952ರ ಶಾಸನವು ವಿಧಿಸಿತು. 1995ರ ತಿದ್ದುಪಡಿಯು ವಧೂವರರಿಬ್ಬರಿಗೂ 18 ವರ್ಷಗಳನ್ನು ಕನಿಷ್ಠ ವಯಸ್ಸಾಗಿ ಗೊತ್ತುಪಡಿಸಿತು.

ಈ ವಿಧಿಗಳಲ್ಲಿ ನಾವು ವಿಶೇಷವಾಗಿ ಗಮನಿಸತಕ್ಕದ್ದು 1952ರ ಶಾಸನದಂತೆ ನಡೆಯುವ ನೋಂದಣಿಯ ಒಂದು ನಮೂದನ್ನು. ವಧುವು ಪತಿಗೃಹಕ್ಕೆ ತೆರಳುವ ವಿವಾಹ ‘ದೀಗ’. ವರನು ಮನೆಅಳಿಯನಾಗಿ ಬರುವುದು ‘ಬಿನ್ನ’. ತಂದೆಯು ಉಯಿಲು ಬರೆಯದೆ ಮೃತನಾದಲ್ಲಿ, ಬಿನ್ನದ ಮಗಳು ಸೋದರರೊಡನೆ ಅವನ ಭೂಮಿಗೆ ಹಕ್ಕುದಾರಳು. ದೀಗದ ಮಗಳು ಸಾಮಾನ್ಯವಾಗಿ ಆ ಹಕ್ಕನ್ನು ಕಳೆದುಕೊಳ್ಳುತ್ತಾಳೆ. ನಮೂದೇ ಇಲ್ಲದಿದ್ದರೆ, ಅನ್ಯಥಾ ಸಿದ್ಧವಾಗುವವರೆಗೆ ವಿವಾಹವನ್ನು ದೀಗವೆಂದೇ ಎಣಿಸಲಾಗುವುದು.

ಪೂರ್ವದ ಸಂಪ್ರದಾಯದಲ್ಲಿ, ತವರಿಗೆ ಮರಳಿ ವೃದ್ಧ ತಂದೆಯ ಸೇವೆಗೈದ ದೀಗದ ಮಗಳು ತನ್ನ ಹಕ್ಕನ್ನು ಪುನಃ ಪಡೆಯಬಹುದಾಗಿತ್ತು. ವಿವಾಹಾನಂತರ ವಾಸಸ್ಥಳ ಬದಲಾದರೂ ವಿವಾಹದ ಸ್ವರೂಪ ಬದಲಾಗದೆಂದು 1938ರ ಶಾಸನವು ಸಾರಿ, ಆ ಮಾರ್ಗವನ್ನು ಮುಚ್ಚಿತು. ಆದುದರಿಂದ ಸಹಿ ಹಾಕುವ ಮುನ್ನವೇ ಆ ಒಂದು ಪದದ ಫಲವನ್ನು ವಧುವು ಅರಿತಿರುವುದು ಅತ್ಯವಶ್ಯವೆಂದು ನಾವು ಭಾವಿಸುತ್ತೇವೆ.